ಐವತ್ತು ಮೀಟರಿನಲ್ಲಿ ಗುಜರಿಯವನು

ಪೋರ್ಟ್ ಸಯೀದ್
3 ಮಾರ್ಚ್ 2008

ಲುತ್ಫಿ,

ಇಹ್ಸಾನಕ್ಕ ಇದನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೀಯ. ಮಲಗಿಕೊಂಡೇ ಕೇಳು. ನಿನ್ನ ಆರೋಗ್ಯ ವಿಚಾರಿಸಲು ಬರೆಯುತ್ತಿಲ್ಲ, ಒಂದು ಕೆಲಸದ ವಿಚಾರ ಇದೆ.

ಹೋದ ವಾರ ನನ್ನ ಕಂಪ್ಯೂಟರಿನ ಪರದೆ ಸುಟ್ಟುಹೋಯಿತು. ಮೊಬೈಲ್ ರಿಪೇರಿ ಅಂಗಡಿಯವನ ಮನೆಯಲ್ಲೇ ಹೀಗಾ ಎಂದು ನಗಬೇಡ. ಆಗ ನಮ್ಮ ಹಳೆಯ ಸಬ್‌ಮರೀನ್ ಆಟ ಓಡುತ್ತಿತ್ತು. ಪರದೆ ಕಪ್ಪಾಯಿತು, ಸದ್ದು ಮಾತ್ರ ನಿಲ್ಲಲಿಲ್ಲ. ಎದ್ದು ಸ್ವಿಚ್ ಆರಿಸಬೇಕಾದವನು ಹಾಗೇ ಕೂತೆ. ಎಡಗಡೆಯಿಂದ ಒಂದು ಹಡಗಿನ ಚಕ್ರ ಗರಗರ ಅನ್ನುತ್ತ ಬಂತು, ತಲೆಯ ಮೇಲೆ ಹಾಯ್ದು ಬಲಕ್ಕೆ ಹೋಯಿತು. ನೀರಿನಡಿಯ ಹಡಗಿನಲ್ಲಿ ಯಾರಿಗೆ ತಾನೆ ಏನು ಕಾಣುತ್ತದೆ ಮಾರಾಯ? ಅಲ್ಲಿ ಕಿಟಕಿಯೇ ಇಲ್ಲ. ಅಷ್ಟೂ ಜನರ ಜೀವ ಕಿವಿ ನಿಮಿರಿಸಿ ಕೇಳಿಸಿಕೊಳ್ಳುವ ಒಬ್ಬನ ಮೇಲೆ ನಿಂತಿರುತ್ತದೆ.

ಮರುದಿನ ಅಂಗಡಿಯ ಪರದೆ ತಂದು ಜೋಡಿಸಿ ಆಟದ ಹೊಟ್ಟೆ ಬಗೆದು ನೋಡಿದೆ. ಸದ್ದುಗಳೆಲ್ಲ ಒಂದು ಕಡೆ ಬಿಡಿಬಿಡಿಯಾಗಿ ಬಿದ್ದಿವೆ. ಯಾವುದನ್ನು ಬೇಕಾದರೂ ತೆಗೆದು ನಮ್ಮದನ್ನು ಅದೇ ಹೆಸರಿನಲ್ಲಿ ಇಡಬಹುದು. ಮಾಡಿದವರು ಸೋಮಾರಿಗಳು, ಎಲ್ಲ ಹಡಗಿಗೂ ಒಂದೇ ಗರಗರ ಕೊಟ್ಟಿದ್ದಾರೆ. ನಾನು ಆಚೆ ದಡದ ಪೋರ್ಟ್ ಫುವಾದಿಗೆ ಹೋಗುವ ದೋಣಿ ಹತ್ತಿ, ಕಾಲುವೆಯಲ್ಲಿ ಹೋಗುವ ಹಡಗುಗಳನ್ನು ಮೊಬೈಲಿನಲ್ಲಿ ಹಿಡಿದು ಒಂದೊಂದಕ್ಕೆ ಒಂದೊಂದು ಸದ್ದು ಹಾಕಿದ್ದೇನೆ. ಎಣ್ಣೆ ಹಡಗು ಬೇರೆ, ಸರಕಿನದು ಬೇರೆ, ಬೆನ್ನಟ್ಟಿ ಬರುವ ಯುದ್ಧನೌಕೆ ಬೇರೆ.

ಬಸ್ಸಿನವನ ಕೈಯಲ್ಲಿ ಡಿಸ್ಕ್ ಕಳಿಸಿದ್ದೇನೆ, ಕೇಳಿಕೊಂಡು ಆಡಿ ತಪ್ಪು ಹೇಳು. ಹಿಡಿಸದಿದ್ದರೆ ಟೀ ಲೋಟದ ಕೆಳಗಿಡಿ.

ವಗ್ದಿ


ಅಲೆಕ್ಸಾಂಡ್ರಿಯಾ, ಅನ್ಫೂಶಿ
16 ಮಾರ್ಚ್ 2008

ವಗ್ದಿ ಮಹಾಶಯರೇ,

ಕಣ್ಣು ಕಳೆದುಕೊಂಡವನಿಗೆ ವಿಡಿಯೋ ಗೇಮ್ ಕಳಿಸುವ ಬುದ್ಧಿ ನಿನಗಲ್ಲದೆ ಇನ್ಯಾರಿಗೆ ಬರಬೇಕು! ಬರೆಯುತ್ತಿರುವವಳು ಅಕ್ಕ, ಹೇಳುತ್ತಿರುವವನು ನಾನು. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಚಾಳಿಯಾಗಿ ನನ್ನ ಮಾತನ್ನೂ ತಿದ್ದುತ್ತಿದ್ದಾಳೆ. (ತಿದ್ದುತ್ತಿಲ್ಲ. ಬೈಗುಳ ಬಿಡುತ್ತಿದ್ದೇನೆ, ಅಷ್ಟೆ. — ಇಹ್ಸಾನ್)

ನಿನ್ನ ಯುದ್ಧನೌಕೆ ಕೇಳಿದೆ. ಅದು ಯುದ್ಧನೌಕೆಯಲ್ಲ, ಕಬ್ಬಿನ ಹಾಲಿನ ಯಂತ್ರ. ಅದು ಹತ್ತಿರ ಬಂದಾಗಲೆಲ್ಲ ನನಗೆ ಬಾಯಾರಿಕೆಯಾಗುತ್ತದೆ. ಎಣ್ಣೆ ಹಡಗು ಪರವಾಗಿಲ್ಲ, ಆದರೆ ಹಿಂದುಗಡೆ ಯಾರೋ ಒಬ್ಬ ಕಡಲೆಕಾಯಿ ಸಿಪ್ಪೆ ಬಿಡಿಸುತ್ತಿದ್ದಾನೆ. ಅದು ನೀನೇ. ನೀನು ಅಗಿಯುವ ರೀತಿ ಶಾಲೆಯ ಬೆಂಚಿನಿಂದ ಗೊತ್ತು ನನಗೆ.

ದೊಡ್ಡ ತೊಂದರೆ ಬೇರೆ. ನಾನು ಎಷ್ಟು ಆಳದಲ್ಲಿದ್ದೇನೆ ಎಂದು ಹೇಗೆ ತಿಳಿಯಬೇಕು? ಆಟದೊಳಗಿನ ನಾವಿಕರು ಏನೋ ಹೇಳುತ್ತಾರೆ, ಜರ್ಮನ್ ಭಾಷೆಯಲ್ಲಿ. ಅವರು ‘ಮುಳುಗಿದೆವು’ ಅಂದರೋ ‘ಊಟಕ್ಕೆ ಬನ್ನಿ’ ಅಂದರೋ ದೇವರೇ ಬಲ್ಲ. ಏಳು ಸಲ ಸಮುದ್ರದ ತಳಕ್ಕೆ ಹೋಗಿ ಬಡಿದೆ. (ಹನ್ನೊಂದು ಸಲ. ಮಧ್ಯಾಹ್ನದಿಂದ ಕೂತಿದ್ದಾನೆ, ಮೀನು ಹಾಗೇ ಆರಿಹೋಯಿತು. — ಇ.)

ಎರಡನೆಯ ಸಲ ಕಳಿಸುವ ಮುಂಚೆ ಕಿವಿ ತೊಳೆದುಕೋ.

ಲುತ್ಫಿ


ಪೋರ್ಟ್ ಸಯೀದ್
1 ಏಪ್ರಿಲ್ 2008

ಕ್ಯಾಪ್ಟನ್ ಲುತ್ಫಿಯವರ ಸನ್ನಿಧಾನಕ್ಕೆ,

ನಾವಿಕರ ಮಾತುಗಳೂ ಬಿಡಿಬಿಡಿ ಕಡತಗಳೇ. ಅವರ ಬಾಯಿಗೆ ಜರ್ಮನ್ ಬದಲು ಅನ್ಫೂಶಿಯ ಅರಬಿ ಹಾಕೋಣ. ಯಾವ ಕಡತದಲ್ಲಿ ಯಾವ ಮಾತು ಬರಬೇಕೆಂದು ಬರೆದು ಕಳಿಸಿದ್ದೇನೆ. ಆಳ ಹೇಳುವುದಕ್ಕೆ ಗಟ್ಟಿ ದನಿ ಬೇಕು. ಹಿಂದಿನ ಬೆಂಚಿನವರೂ ಬೆಚ್ಚಿಬೀಳುವಂಥದ್ದು. ನಿಮ್ಮ ಮನೆಯಲ್ಲಿ ಅಂಥ ಒಬ್ಬರಿದ್ದಾರೆ, ಹೆಸರು ಬೇಡ. ಟಾರ್ಪಿಡೋ ಬಿಡುವವನು ಬೇಕು. ಎಂಜಿನ್ನಿನವನು ನೀನೇ ಆಗು.

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ತಲೆಯ ಮೇಲೆ ಕಂಬಳಿ ಹೊದ್ದು ಮಾತಾಡಿ.

ಯುದ್ಧನೌಕೆ ಬದಲಾಯಿಸಿದ್ದೇನೆ. ಕಡಲೆಕಾಯಿಯವನನ್ನು ದಡಕ್ಕೆ ಇಳಿಸಿದ್ದೇನೆ.

ವಗ್ದಿ


ಅನ್ಫೂಶಿ
12 ಏಪ್ರಿಲ್ 2008

ವಗ್ದಿ,

ಮೂವರು ಒಂದೇ ಕಂಬಳಿಯೊಳಗೆ ಕೂತು ಬೆಂದುಹೋದೆವು. ಅಮ್ಮನಿಗೆ ಟಾರ್ಪಿಡೋ ಕೊಟ್ಟೆ. ನಡೆದದ್ದನ್ನು ನಡೆದ ಹಾಗೇ ಬರೆ ಅಂದಿದ್ದೇನೆ ಅಕ್ಕನಿಗೆ.

“ಅಮ್ಮಾ, ‘ಟಾರ್ಪಿಡೋ ಬಿಟ್ಟಾಯ್ತು’ ಅನ್ನು, ಅಷ್ಟೆ.”

“ಎಲ್ಲಿಗೆ ಬಿಟ್ಟಾಯ್ತು?”

“ಶತ್ರು ಹಡಗಿಗೆ.”

“ಅದ್ರೊಳಗೆ ಜನ ಇರ್ತಾರೇನೋ?”

“ಇರ್ತಾರಮ್ಮ, ಆಟದ ಜನ.”

“ಆಟದ ಜನಕ್ಕೇನು ಹೆತ್ತೋಳು ಇರಲ್ವಾ? ನಾನ್ ಹೇಳಲ್ಲ, ಹೋಗು. ನಿಮ್ಮಕ್ಕನ ಕೈಲಿ ಹೇಳಿಸ್ಕೊ.”

ಅರ್ಧ ಗಂಟೆ ಸಂಧಾನ ನಡೆಯಿತು. ಕೊನೆಗೆ ಒಪ್ಪಿದ್ದು ಹೀಗೆ. ಈಗ ಟಾರ್ಪಿಡೋ ಹೊರಟ ಕೂಡಲೇ ಅಮ್ಮ ಕೂಗುತ್ತಾಳೆ: “ಬಿಟ್ಟಿದೀನಪ್ಪಾ, ಪಕ್ಕಕ್ಕೆ ಸರ್ಕೊಳ್ರೋ, ದೇವ್ರು ಕಾಪಾಡ್ಲಿ ನಿಮ್ಮನ್ನ!” ಹಡಗು ಮುಳುಗುವ ಸದ್ದಿಗೂ ಒಂದು ಷರತ್ತು ಹಾಕಿದಳು. ಮುಳುಗಿದ ಮೇಲೆ ಜನರೆಲ್ಲ ದೋಣಿ ಹತ್ತಿ ಪಾರಾದದ್ದು ಕೇಳಬೇಕಂತೆ. ಬಟ್ಟೆ ಒಗೆಯುವ ಟಬ್ಬಿನಲ್ಲಿ ಸೌಟು ಆಡಿಸಿ ತಾನೇ ಹುಟ್ಟು ಹಾಕಿದ್ದಾಳೆ. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. “ಎಲ್ರೂ ಹತ್ತೋವರ್ಗೂ ಹೆಂಗ್ ನಿಲ್ಲಿಸ್ಲಿ?” ಅಂದಳು.

ಅಕ್ಕ ಆಳ ಹೇಳಿದಳು. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಎಲ್ಲ ಸರಿ. “ಐವತ್ತು ಮೀಟರ್” ಅನ್ನುವಷ್ಟರಲ್ಲಿ ಬೀದಿಯಿಂದ ಗುಜರಿಯವನು ಗಂಟಲು ಹರಿದುಕೊಂಡ: “ಹಳೇ ಕಬ್ಬಿಣಾ... ಹಳೇ ಫ್ರಿಜ್ಜೂ... ಹಳೇ ಸಾಮಾನ್ ಇದ್ರೆ ಕೊಡೀ!” ಕಿಟಕಿ, ಕಂಬಳಿ ಎರಡನ್ನೂ ಸೀಳಿಕೊಂಡು ಬಂದಿದ್ದಾನೆ. ಅಕ್ಕ ಮತ್ತೆ ಹೇಳುತ್ತೇನೆ ಅಂದಳು. ನಾನು ಬೇಡ ಅಂದೆ. ಸಮುದ್ರದ ಅಡಿಯಲ್ಲಿ ಐವತ್ತು ಮೀಟರಿಗೆ ಇಳಿದಾಗ ಒಬ್ಬ ಬಂದು ನಮ್ಮ ಹಡಗಿಗೇ ಬೆಲೆ ಕಟ್ಟುತ್ತಾನೆ ಎಂದರೆ ಎಂಥಾ ಮಜಾ! ಅವನನ್ನು ಮುಟ್ಟಬೇಡ.

(ಇವನು ನಗುವುದನ್ನು ಕೇಳಿ ಪಕ್ಕದ ಮನೆಯವರು ಏನಾಯಿತೆಂದು ಬಾಗಿಲು ತಟ್ಟಿದರು. — ಇ.)

ಲುತ್ಫಿ


ಅನ್ಫೂಶಿ
13 ಏಪ್ರಿಲ್ 2008

ತಮ್ಮಾ ವಗ್ದಿ,

ಇದು ನನ್ನದೇ ಪತ್ರ. ಅವನಿಗೆ ಗೊತ್ತಿಲ್ಲ.

ನೀನು ಹಬ್ಬಕ್ಕೆ ಬಸ್ಬೂಸಾ ಸಿಹಿ ತಂದು, ಅವನು ಮಾತಾಡದೆ ಮಲಗಿದ್ದನ್ನು ನೋಡಿ ವಾಪಸು ಹೋದೆಯಲ್ಲ, ಅದಕ್ಕೂ ಎಷ್ಟೋ ಮುಂಚಿನಿಂದ ಅವನು ಮೆಟ್ಟಿಲು ಇಳಿದಿಲ್ಲ. ಕ್ಷೌರದವನನ್ನೂ ಮನೆಗೇ ಕರೆಸುತ್ತೇವೆ. ಅಂಧರ ಸಂಘದವರು ಬಿಳಿಯ ಕೋಲು ಕೊಟ್ಟು ಹೋದರು. ಅಮ್ಮ ಅದರಿಂದ ಜೇಡರ ಬಲೆ ಹೊಡೆಯುತ್ತಿದ್ದಾಳೆ.

ನಿನ್ನ ಆಟಕ್ಕೆ ಮನೆಯೊಳಗೆ ಸಿಗದ ಸದ್ದು ಏನಾದರೂ ಬೇಕಾಗುವುದಿಲ್ಲವೇ? ಯೋಚಿಸು.

ಇನ್ನೊಂದು ಮಾತು. ಹೇಳಬೇಕೋ ಬೇಡವೋ. ದಮನ್‌ಹೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ಮುಂತಸಿರ್ ಎಂಬವರು ನನ್ನನ್ನು ಮದುವೆಗೆ ಕೇಳಿದ್ದಾರೆ. ಸ್ವಲ್ಪ ತಾಳಿ ಅಂದಿದ್ದೇನೆ. ಅವರು ತಾಳುತ್ತಾರೆ, ಅವರ ತಾಯಿ ತಾಳುವವರಲ್ಲ. ಇರಲಿ. ನೀನು ಸದ್ದಿನ ವಿಚಾರ ಮಾತ್ರ ನೋಡು.

ಇಹ್ಸಾನ್


ಪೋರ್ಟ್ ಸಯೀದ್
26 ಏಪ್ರಿಲ್ 2008

ಲುತ್ಫಿ,

ಗುಜರಿಯವನು ಅದ್ಭುತ. ನನ್ನ ಅಂಗಡಿಗೆ ಬರುವವರಿಗೆಲ್ಲ ಕೇಳಿಸುತ್ತಿದ್ದೇನೆ.

ಈಗ ಒಂದು ಸಂಕಟ. ನೂರು ಮೀಟರಿಗಿಂತ ಕೆಳಗೆ ಹೋದರೆ ನೀರಿನ ಭಾರಕ್ಕೆ ಹಡಗಿನ ಮೈ ನರಳಬೇಕು. ಆಟದಲ್ಲಿರುವ ನರಳಾಟ ಸತ್ತ ಹಾಗಿದೆ. ದೊಡ್ಡ ಹೊಟ್ಟೆಯ ಹಡಗೊಂದು ನಿಜವಾಗಿ ಗೊಣಗುವುದು ಬೇಕು. ಇಲ್ಲಿ ಬಂದರಿನ ಪೊಲೀಸರು ಮೊಬೈಲ್ ಹಿಡಿದು ನಿಂತವನನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತಾರೆ. ನಿಮ್ಮ ಬೀದಿಯ ಕೊನೆಯಲ್ಲೇ ದೋಣಿ ಕಟ್ಟುವವರಿದ್ದಾರಲ್ಲ. ದೊಡ್ಡ ದೋಣಿಯನ್ನು ನೀರಿಗೆ ಎಳೆಯುವ ದಿನ ನೀನೇ ಹೋಗಿ ಹಿಡಿದು ಕಳಿಸು. ಅಕ್ಕನನ್ನು ಕಳಿಸಬೇಡ, ಅವಳು ಮಧ್ಯದಲ್ಲಿ ಯಾರನ್ನಾದರೂ ಮಾತಾಡಿಸುತ್ತಾಳೆ.

ವಗ್ದಿ


ಅನ್ಫೂಶಿ
2 ಮೇ 2008

ವಗ್ದಿ,

ನೀವಿಬ್ಬರೂ ಸೇರಿ ಏನು ಬೇಯಿಸುತ್ತಿದ್ದೀರೆಂದು ವಾಸನೆ ಬರುತ್ತದೆ ನನಗೆ. ಟೈಪ್ ಮಾಡುವವಳ ಬೆರಳು ಈಗ ನಿಂತಿತು ನೋಡು. ಬರೆ ಅಕ್ಕ, ಬರೆ.

ಈ ಬೀದಿಯ ಮಕ್ಕಳೆಲ್ಲ ನಾನು ಓಡಿಸುತ್ತಿದ್ದ ಟ್ರಾಮಿಗೆ ನೇತುಬಿದ್ದು ಬೆಳೆದವರು. ಯಾವ ತಿರುವಿನಲ್ಲಿ ಯಾರ ತಳ್ಳುಗಾಡಿ ಹಳಿಯ ಮೇಲೆ ನಿಂತಿರುತ್ತದೆಂದು ನನಗೆ ಗೊತ್ತಿತ್ತು. ಗಂಟೆ ಹೊಡೆದರೆ ಎಲ್ಲರೂ ಸರಿಯುತ್ತಿದ್ದರು. ಅದೇ ಬೀದಿಯಲ್ಲಿ ತಡಕಾಡಿಕೊಂಡು ಹೋಗಿ, “ಪಾಪ, ನಮ್ಮ ಲುತ್ಫಿ” ಅನ್ನಿಸಿಕೊಂಡು ಬಾ ಅನ್ನುತ್ತೀಯ. ಆಟಕ್ಕಾಗಿ! ನಿನ್ನ ಹಡಗು ನರಳದಿದ್ದರೆ ಬೇಡ.

ಲುತ್ಫಿ


ಪೋರ್ಟ್ ಸಯೀದ್
19 ಜುಲೈ 2008

ಲುತ್ಫಿ,

ಎರಡು ಪತ್ರ, ಒಂದು ಡಿಸ್ಕ್ ಕಳಿಸಿದೆ, ಉತ್ತರ ಇಲ್ಲ. ಸರಿ. ಕಾದು ಸಾಕಾಗಿ ಹಡಗಿನ ನರಳಾಟ ನಾನೇ ಮಾಡಿದೆ. ನಮ್ಮ ಬಚ್ಚಲಮನೆಯ ಬಾಗಿಲು. ನಿಧಾನಕ್ಕೆ ತೆರೆದು, ಸದ್ದನ್ನು ಹಿಗ್ಗಿಸಿ, ಸ್ವಲ್ಪ ಗುಂಯ್ಗುಟ್ಟಿಸಿದೆ. ನನಗೇನೋ ಚೆನ್ನಾಗಿದೆ ಅನ್ನಿಸಿತು.

ಇಡೀ ಸದ್ದಿನ ಗಂಟನ್ನು ಈ ಆಟ ಆಡುವವರು ಸೇರುವ ಇಂಟರ್ನೆಟ್ ಕಟ್ಟೆಗೆ ಹಾಕಿದ್ದೇನೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ‘ಸದ್ದು: ಕ್ಯಾಪ್ಟನ್ ಲುತ್ಫಿ, ಅಲೆಕ್ಸಾಂಡ್ರಿಯಾ’ ಎಂದು ನಿನ್ನ ಹೆಸರನ್ನೇ ಬರೆದಿದ್ದೇನೆ. ಒಬ್ಬ ಆಗಲೇ ಕೇಳಿದ್ದಾನೆ: “ಕ್ಯಾಪ್ಟನ್ ಸಾಹೇಬ್ರೇ, ನೂರು ಮೀಟರ್ ಕೆಳಗೆ ನಿಮ್ಮ ಸಬ್‌ಮರೀನಿನಲ್ಲಿ ಕೋಳಿ ಕುಯ್ಯುತ್ತಿದ್ದಾರಾ?”

ಏನು ಉತ್ತರ ಕೊಡಲಿ?

ವಗ್ದಿ


ಅನ್ಫೂಶಿ
30 ಜುಲೈ 2008

ನನ್ನ ಮರ್ಯಾದೆ ಕಳೆದ ವಗ್ದಿಗೆ,

ಆ ಬಾಗಿಲನ್ನು ಈ ಕ್ಷಣ ಕಟ್ಟೆಯಿಂದ ಕೆಳಗಿಳಿಸು. ಕೇಳಿ ಮೈ ಉರಿಯಿತು. ಅದರ ಕೀಲುಗಳಿಗೆ ಎಣ್ಣೆ ಬಿಡು ಮೊದಲು. ನನ್ನ ಹೆಸರು ಹಾಕಿ ಕೋಳಿ ಕುಯ್ಯುತ್ತೀಯಾ?

ಮೊನ್ನೆ ಬೆಳಿಗ್ಗೆ ಹಮೀದೋ ಮೇಸ್ತ್ರಿಯ ಕಡೆಯವರು ದೊಡ್ಡ ಮೀನುಗಾರಿಕೆ ದೋಣಿಯನ್ನು ನೀರಿಗೆ ಇಳಿಸುತ್ತಾರೆಂದು ಅಮ್ಮ ಸುದ್ದಿ ತಂದಳು. ಅಕ್ಕನಿಗೆ “ನಡಿ” ಅಂದೆ. ಅವಳು ಚಪ್ಪಲಿ ಹುಡುಕುವುದರಲ್ಲೇ ಕಾಲು ಗಂಟೆ ಕಳೆದಳು. ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದಳೆಂದು ಆಮೇಲೆ ಗೊತ್ತಾಯಿತು. ನಾನು ಕೇಳಿಯೇ ಹೇಳಿದೆ. ಒಂದು ಚಟ್ ಅನ್ನುತ್ತಿತ್ತು, ಒಂದು ಪಟ್ ಅನ್ನುತ್ತಿತ್ತು.

ಬೀದಿಯಲ್ಲಿ ಏನೂ ಆಗಲಿಲ್ಲ. “ಎಲ್ಲಿ ಹೋಗಿದ್ಯೋ ಇಷ್ಟ್ ದಿನ? ಮೂರ್ ತಿಂಗಳ ಸಿಗರೇಟ್ ಬಾಕಿ ಇಟ್ಟು ಓಡ್ಹೋದೆ ಅಂದ್ಕೊಂಡಿದ್ದೆ!” ಎಂದು ಗೂಡಂಗಡಿಯವನು ಕೂಗಿದ. ನನ್ನ ಬಾಕಿ ಏನೂ ಇಲ್ಲ, ಸುಳ್ಳುಗಾರ. ಅಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಕಟ್ಟುವ ಜಾಗದಲ್ಲಿ ದೋಣಿಯ ಕೆಳಗೆ ಕೊಬ್ಬು ಸವರಿದ ದಿಮ್ಮಿಗಳು. ಎಳೆಯಲು ಶುರುಮಾಡಿದರು. ನಾನು ಮೊಬೈಲನ್ನು ಕರವಸ್ತ್ರದಲ್ಲಿ ಸುತ್ತಿ ದೋಣಿಯ ಪಕ್ಕೆಗೆ ಒತ್ತಿ, ಅದರ ಪಕ್ಕದಲ್ಲೇ ಕಿವಿ ಇಟ್ಟೆ. ಹಮೀದೋ ಮೇಸ್ತ್ರಿ ಗುಡುಗಿದ:

“ಯಾವನಯ್ಯ ಅವ್ನು, ನನ್ನ ದೋಣೀನ ತಬ್ಕೊಂಡಿರೋನು?”

“ನಾನು ಮೇಸ್ತ್ರಿ, ಟ್ರಾಮಿನ ಲುತ್ಫಿ. ಇದು ನರಳೋದು ಕೇಳ್ಬೇಕು.”

“ನರಳೋದಾ? ಮೂರ್ ವರ್ಷ ಕಟ್ಟಿದೀನಿ, ನನ್ನ ಸೊಂಟ ನರಳೋದು ಕೇಳು ಬಾ!” ಅಂದ. ಆಮೇಲೆ ಎಳೆಯುವವರಿಗೆ, “ಲೇ, ನಿಧಾನ ಎಳೀರೋ. ಹುಡುಗನ್ ಕೆಲ್ಸ ಆಗ್ಲಿ,” ಎಂದ.

ವಗ್ದಿ, ಅದು ಮೊದಲು ಸಣ್ಣಗೆ ಕಿರ್ ಅಂದಿತು. ಆಮೇಲೆ ಹೊಟ್ಟೆಯ ಒಳಗಿನಿಂದ, ತಳದ ಮರದಿಂದ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಆನೆಯ ಹಾಗೆ ಒಂದು ಸದ್ದು ಎದ್ದು ನನ್ನ ಕೆನ್ನೆಯ ಮೂಳೆಗೆ ಬಂತು. ದೋಣಿ ನನ್ನ ಕೈಯಿಂದ ಜಾರಿ ನೀರಿಗೆ ಹೋಯಿತು. ಹೆಂಗಸರು ಖುಷಿಗೆ ನಾಲಿಗೆ ಆಡಿಸಿ ಉಲುಲು ಹಾಕಿದರು. ಅಷ್ಟೂ ಜೊತೆಗೆ ಕಳಿಸಿರುವ ಡಿಸ್ಕಿನಲ್ಲಿದೆ, ಉಲುಲು ಕತ್ತರಿಸಿಕೋ.

ವಾಪಸು ಬರುವಾಗ ಟ್ರಾಮ್ ಬಂತು. ಬ್ರೇಕನ್ನು ಎರಡು ಸಲ ಮುಟ್ಟಿ ಮೂರನೆಯದಕ್ಕೆ ನಿಲ್ಲಿಸುವವನು ಇಡೀ ಊರಿಗೆ ಒಬ್ಬನೇ, ಅಬ್ದೆಲ್ ಶಾಫಿ. “ಶಾಫೀ, ಇನ್ನೂ ಕಲೀಲಿಲ್ವೇನೋ!” ಎಂದು ಕೂಗಿದೆ. ಅವನು ನಡುದಾರಿಯಲ್ಲಿ ಟ್ರಾಮ್ ನಿಲ್ಲಿಸಿ ಇಳಿದು ಬಂದು ನನ್ನನ್ನು ತಬ್ಬಿಕೊಂಡ. ಒಳಗೆ ಕೂತವರು ಬೈಯುತ್ತಿದ್ದರು. ಬೈಯಲಿ.

ಏನಾದರೂ ಸೇರಿಸುತ್ತೀಯಾ ಎಂದು ಅಕ್ಕನನ್ನು ಕೇಳಿದೆ.

(ಇಲ್ಲ. — ಇ.)

ಲುತ್ಫಿ


ಪೋರ್ಟ್ ಸಯೀದ್
12 ಸೆಪ್ಟೆಂಬರ್ 2008, ರಂಜಾನ್

ಲುತ್ಫಿ,

ಹಮೀದೋ ಮೇಸ್ತ್ರಿಯ ದೋಣಿ ಈಗ ಎಲ್ಲರ ಕಂಪ್ಯೂಟರಿನಲ್ಲೂ ನರಳುತ್ತಿದೆ. ಕೋಳಿ ಅಂದವನು ಕ್ಷಮೆ ಕೇಳಿದ್ದಾನೆ. ಭಾಷೆ ಬರದವರೂ ಇಳಿಸಿಕೊಂಡಿದ್ದಾರೆ. ಪೋಲೆಂಡಿನವನೊಬ್ಬನಿಗೆ ಒಂದು ಸಂದೇಹ: ಐವತ್ತು ಮೀಟರಿನಲ್ಲಿ ಆ ಅಧಿಕಾರಿ ಕೊಡುವ ದೀರ್ಘ ಆಜ್ಞೆ ಏನು? ಕವಾಟ ತೆರೆಯುವುದೋ ಮುಚ್ಚುವುದೋ? ‘ಮುಚ್ಚುವುದು’ ಎಂದು ಉತ್ತರಿಸಿದೆ.

ಇನ್ನೊಂದು ಪತ್ರ ಟುನೀಶಿಯಾದ ಸ್ಫಾಕ್ಸಿನಿಂದ. ಬರೆದವನು ಹುಟ್ಟಿನಿಂದಲೇ ಕಣ್ಣಿಲ್ಲದವನು. ಅಣ್ಣ ಆಡುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದನಂತೆ. ಈ ಸಲ ಅಣ್ಣನನ್ನು ಎಬ್ಬಿಸಿ ತಾನು ಕೂತನಂತೆ. ನಿನ್ನ ವಿಳಾಸ ಕೇಳಿದ್ದಾನೆ, ಕೊಟ್ಟಿದ್ದೇನೆ. ನಾಳೆ ಅವನು ಬರೆದಾಗ ಅಕ್ಕನ ಕೈ ಕಾಯಬೇಡ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಕಳಿಸುತ್ತಿದ್ದೇನೆ. ದನಿ ನೆಗಡಿಯಾದ ವಾರ್ತಾವಾಚಕನ ಹಾಗಿದೆ, ಅಭ್ಯಾಸವಾಗುತ್ತದೆ. ಒತ್ತಿದ ಅಕ್ಷರವನ್ನೂ ಹೇಳುತ್ತದೆ. ಕಲಿ.

ಅಮ್ಮನಿಗೆ ಸಲಾಮ್ ಹೇಳು. ಅವಳ ಕೃಪೆಯಿಂದ ಈವರೆಗೆ ಒಬ್ಬನೂ ಸತ್ತಿಲ್ಲ.

ವಗ್ದಿ


ಅನ್ಫೂಶಿ
20 ಅಕ್ಟೋಬರ್ 2008

ವಗ್ದಿ,

ಇದು ಪೂರ್ತಿ ನನ್ನ ಕೈಯದು. ತಪ್ಪಿದ್ದರೆ ನುಂಗಿಕೋ. ಮೂರು ವಾರದಿಂದ ಅಕ್ಕ ಶಾಲೆಗೆ ಹೋದಾಗ ನಿನ್ನ ನೆಗಡಿಯವನ ಜೊತೆ ಕೂತು ಕಲಿಯುತ್ತಿದ್ದೇನೆ. ಇದನ್ನು ಅವಳ ಕೈಯಲ್ಲಿ ಬರೆಸುವ ಹಾಗಿರಲಿಲ್ಲ.

ಹೋದ ವಾರ ಸಂಜೆ ಅವಳು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕಿವಿ ಕೊಡಲಿಲ್ಲ, ಅದು ತಾನಾಗಿಯೇ ಹೋಯಿತು. “ನೀವು ಕಾಯ್ಬೇಡಿ ಮುಂತಸಿರ್,” ಅಂದಳು. “ಅವ್ನು ಈಗೀಗ ಹೊರಗ್ ಹೋಗ್ತಿದಾನೆ. ಹಿಂಗಿರೋವಾಗ ನಾನು ಬಿಟ್ ಬಂದ್ರೆ ಮತ್ತೆ ಮಲಗ್ಬಿಡ್ತಾನೆ. ನಿಮ್ಮಮ್ಮ ತೋರ್ಸಿದ್ ಹುಡುಗೀನೇ ನೋಡಿ.” ಆಮೇಲೆ ಒಳಗೆ ಬಂದು, ಏನೂ ಆಗದವಳ ಹಾಗೆ, “ಟೀ ಬೇಕೇನೋ?” ಅಂದಳು. ಬೇಕು ಅಂದೆ. ಸಕ್ಕರೆ ಹಾಕುವುದನ್ನು ಮರೆತಿದ್ದಳು. ಕುಡಿದೆ.

ನಿನಗೆ ಗೊತ್ತಿತ್ತು ಅಲ್ಲವಾ? ಇರಲಿ.

ಅಮ್ಮ ಜೇಡರ ಬಲೆ ಹೊಡೆಯುತ್ತಿದ್ದ ಬಿಳಿಯ ಕೋಲನ್ನು ಕೇಳಿ ಇಸಿದುಕೊಂಡೆ. ನಿನ್ನೆ ಅಕ್ಕ ಶಾಲೆಗೆ ಹೋದ ಮೇಲೆ ಒಬ್ಬನೇ ಇಳಿದೆ. ಟ್ರಾಮ್ ಹತ್ತಿ, ಆಮೇಲೆ ಕೇಳಿಕೊಂಡು ರೈಲ್ವೆ ಸ್ಟೇಷನ್ನಿಗೆ. ಅಲ್ಲಿ ನನ್ನನ್ನು ಯಾರು ರಸ್ತೆ ದಾಟಿಸಬೇಕೆಂದು ಮೂವರಿಗೆ ಜಗಳ ಹತ್ತಿತು. ಅವರು ಜಗಳಾಡುತ್ತಿರುವಾಗ ನಾನು ದಾಟಿಬಿಟ್ಟೆ. ಒಂದು ಸಲ ಕಂಬಕ್ಕೆ ಹಾದೆ, ಹಣೆಯಲ್ಲಿ ಬುಗುಟು ಇದೆ. ಅಮ್ಮನಿಗೆ ಬಾಗಿಲು ತಾಗಿತು ಎಂದಿದ್ದೇನೆ.

ದಮನ್‌ಹೂರಿನಲ್ಲಿ ಅವನ ಔಷಧಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಗುರುತನ್ನು ಅಮ್ಮನ ಬಾಯಿಂದ ಮೊದಲೇ ಬಿಡಿಸಿಕೊಂಡಿದ್ದೆ. ಒಳಗೆ ಹೋಗಿ ಕೆಮ್ಮಿದೆ.

“ಕೆಮ್ಮು ಎಷ್ಟ್ ದಿನದಿಂದ?” ಅಂತ ಒಬ್ಬ ಮೃದುವಾಗಿ ಕೇಳಿದ.

“ಕೆಮ್ಮು ಇಲ್ಲ. ನೀವೇನಾ ಮುಂತಸಿರ್?”

“ಹೌದು.”

“ನಾನು ಇಹ್ಸಾನ್ ತಮ್ಮ.”

ಏನೋ ಗಾಜಿನದು ಬಿದ್ದು ಒಡೆಯಿತು. ಶೀಶೆ ಇರಬೇಕು, ಲವಂಗದ ಎಣ್ಣೆಯ ವಾಸನೆ ಬಂತು. ಕುರ್ಚಿ ಎಳೆದು ಹಾಕಿದ. ನಾನು ಕೂರಲಿಲ್ಲ, ಕೂತರೆ ಮಾತು ಮರೆತುಹೋಗುತ್ತದೆಂಬ ಭಯ.

“ನೋಡಿ,” ಅಂದೆ, “ನಮ್ಮಕ್ಕ ಬೇಡ ಅಂದಿದ್ದು ನಿಮ್ಗಲ್ಲ. ನನ್ನ ನೆಪ ಇಟ್ಕೊಂಡು ಅಂದಿದಾಳೆ. ನಾನು ಇವತ್ತು ಒಬ್ನೇ ಬಂದಿದೀನಿ ಇಲ್ಲೀವರೆಗೆ. ವಾಪಸ್ಸೂ ಒಬ್ನೇ ಹೋಗ್ತೀನಿ. ಇದನ್ನ ನಿಮ್ ಕಣ್ಣಲ್ಲೇ ನೋಡಿದ್ರಲ್ಲ? ಇನ್ನೇನ್ ನೆಪ ಉಳೀತು?”

ಅವನು ಕಾಲ ಕೆಳಗಿನ ಗಾಜನ್ನು ಬೂಟಿನಿಂದ ಪಕ್ಕಕ್ಕೆ ಸರಿಸುತ್ತಿದ್ದ. ಆಮೇಲೆ ಕೇಳಿದ: “ನಾನು ಯಾವತ್ ಬರ್ಲಿ?”

“ಶುಕ್ರವಾರ ಸಂಜೆ. ನಿಮ್ ತಾಯೀನೂ ಕರ್ಕೊಂಡ್ ಬನ್ನಿ.”

“ನಮ್ಮಮ್ಮ ಸ್ವಲ್ಪ... ಬಾಯಿ ಜೋರು.”

“ಕರ್ಕೊಂಡ್ ಬನ್ನಿ, ನಮ್ಮನೇಲೂ ಒಬ್ರಿದಾರೆ.”

ನಕ್ಕ. ಒಳ್ಳೆಯ ನಗು, ಮೂಗಿನಿಂದ ಬರುವುದಲ್ಲ. ಅಂಗಡಿಯನ್ನು ಕೆಲಸದವನಿಗೆ ಒಪ್ಪಿಸಿ ಸ್ಟೇಷನ್ನಿನವರೆಗೆ ಬರುತ್ತೇನೆಂದು ಹೊರಟ. ಬೇಡವೆಂದೆ. ಎರಡು ಹೆಜ್ಜೆ ಹಿಂದೆ ಬಂದೇ ಬಂದ. ದಾರಿಯುದ್ದಕ್ಕೂ ಅಕ್ಕನಿಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ಕೇಳುತ್ತಿದ್ದ. ಗೊತ್ತಿದ್ದದ್ದನ್ನು ಹೇಳಿದೆ. ಒಂದೆರಡು ಗೊತ್ತಿರಲಿಲ್ಲ, ಅವನೇ ಹೇಳಿದ. ರೈಲು ಬಂದಾಗ ನನ್ನ ಮೊಣಕೈ ಹಿಡಿದು ಹತ್ತಿಸಿದ. ಬಿಟ್ಟುಕೊಟ್ಟೆ.

ಅಕ್ಕನಿಗೆ ಏನೂ ಗೊತ್ತಿಲ್ಲ. ಅಮ್ಮನಿಗೆ ಹೇಳಿದ್ದೇನೆ. ಅವಳು ನಿನ್ನೆಯಿಂದ ಎಲೆಕೋಸಿನ ಎಲೆ ಬೇಯಿಸಿ ಅನ್ನ ಸುತ್ತಿಡುವ ಲೆಕ್ಕ ಹಾಕುತ್ತ ಒಬ್ಬಳೇ ನಗುತ್ತಾಳೆ. ‘ನಿಮಗಿಬ್ಬರಿಗೂ ಏನಾಗಿದೆ’ ಎಂದು ಅಕ್ಕ ಎರಡು ಸಲ ಕೇಳಿದಳು. ಈಗ ಶಾಲೆಯಿಂದ ಬಂದಳು, ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ. ಪೆನ್ನು ಜೋರಾಗಿ ಓಡುತ್ತಿದೆ, ಯಾವನೋ ಹುಡುಗನಿಗೆ ಸೊನ್ನೆ ಬೀಳುತ್ತಿರಬೇಕು.

ನೀನೂ ಶುಕ್ರವಾರ ಮಧ್ಯಾಹ್ನವೇ ಬಂದು ಬಿಡು. ಮೆಟ್ಟಿಲಿನ ದೀಪ ಕೆಟ್ಟಿದೆ, ನನಗಂತೂ ತೊಂದರೆಯಿಲ್ಲ, ನೀನು ಗೋಡೆ ಹಿಡಿದುಕೊಂಡು ಹತ್ತು. ಸಂಜೆ ಬಾಗಿಲು ತಟ್ಟಿದಾಗ ನಾವಿಬ್ಬರೂ ಏಳಬಾರದು. ಅಮ್ಮನಿಗೂ ಹೇಳಿದ್ದೇನೆ. ಅಕ್ಕ ಗೊಣಗುತ್ತಾಳೆ, “ಯಾರಿಗೂ ಕೇಳ್ಸಲ್ವಾ?” ಅನ್ನುತ್ತಾಳೆ. ಅನ್ನಲಿ. ಅವಳೇ ಹೋಗಿ ತೆರೆಯಲಿ.

ಲುತ್ಫಿ